ಬಾಗಿಲ ಮೇಲಿನ ಹಕ್ಕಿ

ಪುತ್ತೂರಿನ ಸಮೀಪವಿರುವ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ನಿಂತರೆ ಹಂಚುಗಳ ಒಳಮೈ ಕಾಣುತ್ತದೆ. ಪಕ್ಕಾಸು, ರೀಪು, ಅವುಗಳ ನಡುವೆ ಹೊಗೆ ಹಿಡಿದು ಕಪ್ಪಾದ ಹಂಚಿನ ಸಾಲು. ಬಾಲ್ಯದುದ್ದಕ್ಕೂ ಒಣ ಅಡಿಕೆಯ ಗೋಣಿಗಳ ಮೇಲೆ ಮಲಗಿ ಆ ಸಾಲುಗಳನ್ನೇ ನೋಡುತ್ತ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಆದರೂ ಹಂಚಿನ ಮೇಲೆ ಅಕ್ಷರಗಳಿವೆ ಎಂಬುದು ನನಗೆ ತಿಳಿದಿರಲಿಲ್ಲ. ಎಂಟನೇ ತರಗತಿಯಲ್ಲಿ ನಮ್ಮ ಶಾಲೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೊದಲ ಬಾರಿ ನಮ್ಮ ಮನೆಗೆ ಬಂದ ದಿನ ಅಟ್ಟ ಹತ್ತಿ, ಕತ್ತೆತ್ತಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ‘ಇದು ಎಲ್ಲಿಯ ಬಾಸೆಲ್?’ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅವನ ತಂದೆ ಬ್ಯಾಂಕಿನಲ್ಲಿದ್ದರು, ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಾಗುತ್ತಿತ್ತು. ಆದ್ದರಿಂದಲೋ ಏನೋ, ಯಾವ ಮನೆಗೆ ಹೋದರೂ ಅಲ್ಲಿಯವರು ನೋಡುವುದನ್ನು ಬಿಟ್ಟಿರುವುದೇ ಅವನ ಕಣ್ಣಿಗೆ ಮೊದಲು ಬೀಳುತ್ತಿತ್ತು.

ಈ ನೆನಪು ಮತ್ತೆ ಎದ್ದು ಬಂದದ್ದು ಕಳೆದ ಬೇಸಿಗೆಯಲ್ಲಿ, ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ ‘ಡೇಮಿಯಾನ್’ ಕಾದಂಬರಿಯನ್ನು ಎರಡನೇ ಬಾರಿ ಓದುವಾಗ. ಮೊದಲ ಬಾರಿ ಓದಿದ್ದು ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ. ಮಂಗಳೂರಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡ, ಬೆನ್ನು ಕಿತ್ತುಹೋದ ಇಂಗ್ಲಿಷ್ ಅನುವಾದ ಅದು. ಈಗ ನನಗೆ ನಲವತ್ತೆರಡು. ಪುಸ್ತಕ ಅದೇ, ಅಡಿಗೆರೆಗಳೂ ನನ್ನವೇ. ಆದರೆ ಹಾಗೆ ಗೆರೆ ಎಳೆದವನನ್ನು ಕೂರಿಸಿಕೊಂಡು ಕೆಲವು ಮಾತು ಕೇಳಬೇಕು ಎನ್ನಿಸಿತು.

ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಎಮಿಲ್ ಸಿಂಕ್ಲೇರ್‌ಗೆ ಸುಮಾರು ಹತ್ತು ವರ್ಷ. ಒಳ್ಳೆಯ ಮನೆ, ದೇವರಿಗೆ ಹೆದರುವ ತಂದೆ ತಾಯಿ, ಶುಭ್ರವಾದ ಕೈಗಳು, ಬೆಳಗಿನ ಪ್ರಾರ್ಥನೆ. ಇದು ಬೆಳಕಿನ ಲೋಕ. ಅದೇ ಮನೆಯ ಅಡುಗೆಮನೆಯಿಂದ, ಕೆಲಸದವರ ಮಾತುಗಳಿಂದ, ಬೀದಿಯಿಂದ ಇನ್ನೊಂದು ಲೋಕದ ಗಾಳಿ ಬೀಸುತ್ತಿರುತ್ತದೆ: ಕುಡುಕರು, ಕಳ್ಳರು, ದೆವ್ವದ ಕಥೆಗಳು. ಹುಡುಗ ಒಂದು ದಿನ ಬೀದಿಯ ಹುಡುಗರ ಮುಂದೆ ಸಣ್ಣವನಾಗಬಾರದೆಂದು ಸುಳ್ಳು ಹೇಳುತ್ತಾನೆ. ತಾನು ಒಂದು ಚೀಲ ಸೇಬು ಕದ್ದೆನೆಂಬ ಸುಳ್ಳು. ದರ್ಜಿಯ ಮಗ ಫ್ರಾಂಜ್ ಕ್ರೋಮರ್ ಅದನ್ನೇ ಹಿಡಿದುಕೊಂಡು, ಎರಡು ಮಾರ್ಕ್ ಕೊಡದಿದ್ದರೆ ತೋಟದ ಒಡೆಯನಿಗೆ ಹೇಳುತ್ತೇನೆ ಎನ್ನುತ್ತಾನೆ. ಸಿಂಕ್ಲೇರ್ ತನ್ನ ಹುಂಡಿ ಒಡೆದರೆ ಸಿಗುವುದು 65 ಫೆನಿಗ್, ಒಂದು ಮಾರ್ಕ್ ಕೂಡ ಅಲ್ಲ. ಅಲ್ಲಿಂದ ಕ್ರೋಮರ್‌ನ ಸಿಳ್ಳೆ ಕೇಳಿದಾಗಲೆಲ್ಲ ಆ ಮಗುವಿನ ಕರುಳು ಕಿವುಚುತ್ತದೆ. ಕೊನೆಗೆ ಕ್ರೋಮರ್ ‘ನಿನ್ನ ಅಕ್ಕನನ್ನು ಕರೆದುಕೊಂಡು ಬಾ’ ಎನ್ನುವ ಹಂತ ಬರುತ್ತದೆ.

ಮಕ್ಕಳ ಭಯವನ್ನು ಇಷ್ಟು ಗೌರವದಿಂದ ಬರೆದ ಪುಟಗಳನ್ನು ನಾನು ಬೇರೆಲ್ಲೂ ಹೆಚ್ಚಾಗಿ ಓದಿಲ್ಲ. ಹೊರಗಿನಿಂದ ನೋಡಿದರೆ ವಿಷಯ ಇಷ್ಟೇ, ಕದಿಯದ ಸೇಬು. ಒಳಗೆ ಮಾತ್ರ ಇಡೀ ಪ್ರಪಂಚ ಬಿರುಕು ಬಿಟ್ಟಿದೆ. ತಂದೆ ಮಗನ ಒದ್ದೆ ಬೂಟುಗಳಿಗಾಗಿ ಗದರುವಾಗ ಹುಡುಗನಿಗೆ ಒಂದು ಕ್ಷಣ ತಂದೆಯ ಮೇಲೆ ವಿಚಿತ್ರವಾದ ಮೇಲುಗೈ ಸಿಕ್ಕಂತಾಗುತ್ತದೆ. ತನ್ನ ನಿಜವಾದ ತಪ್ಪು ಇವರಿಗೆ ಗೊತ್ತೇ ಇಲ್ಲ ಎಂಬ ಭಾವ. ತಂದೆಯ ಪಾವಿತ್ರ್ಯದಲ್ಲಿ ಬಿದ್ದ ಮೊದಲ ಗೀರು ಅದು.

ಆಗ ಬರುವವನು ಮ್ಯಾಕ್ಸ್ ಡೇಮಿಯಾನ್. ಹೊಸದಾಗಿ ಊರಿಗೆ ಬಂದ ವಿಧವೆಯೊಬ್ಬಳ ಮಗ, ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡ ಹುಡುಗ. ಅವನು ಮೊದಲು ಆಡುವ ಮಾತು ಪಾಪ ಪುಣ್ಯದ್ದಲ್ಲ. ನಿಮ್ಮ ಮನೆಯ ಬಾಗಿಲ ಕಮಾನಿನ ನಡುಗಲ್ಲಿನ ಮೇಲೆ ಒಂದು ಲಾಂಛನವಿದೆ, ಅದು ಗಿಡುಗವಿರಬೇಕು, ನೋಡಿದ್ದೀಯಾ ಎನ್ನುತ್ತಾನೆ. ಎಷ್ಟೋ ಬಾರಿ ಬಣ್ಣ ಬಳಿದು ಸವೆದುಹೋದ ಆ ಹಕ್ಕಿಯ ಕೆಳಗೆ ಸಿಂಕ್ಲೇರ್ ದಿನಕ್ಕೆ ಹತ್ತು ಸಲ ಓಡಾಡಿದ್ದಾನೆ. ಅದನ್ನು ಅವನು ಎಂದೂ ಸರಿಯಾಗಿ ನೋಡಿಲ್ಲ. ಇನ್ನೊಂದು ದಿನ ಡೇಮಿಯಾನ್ ಬೀದಿಯಲ್ಲಿ ನಿಂತು ಆ ಹಕ್ಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುವುದು ಕಾಣುತ್ತದೆ. ವರ್ಷಗಳ ನಂತರ, ಮನೆಯಿಂದ ದೂರ, ಸಿಂಕ್ಲೇರ್ ಕನಸಿನಿಂದೆದ್ದು ಅದೇ ಗಿಡುಗವನ್ನು ಚಿತ್ರಿಸುತ್ತಾನೆ. ಭೂಗೋಳವನ್ನು ಮೊಟ್ಟೆಯಂತೆ ಒಡೆದು ಹೊರಬರಲು ಹೆಣಗುತ್ತಿರುವ ಹಕ್ಕಿ. ಜನ ಈ ಕಾದಂಬರಿಯನ್ನು ನೆನಪಿಟ್ಟುಕೊಂಡಿರುವುದು ಆ ಮೊಟ್ಟೆಯಿಂದ. ಹುಟ್ಟಬೇಕಾದವನು ಒಂದು ಲೋಕವನ್ನು ಒಡೆಯಲೇಬೇಕು ಎಂಬ ಡೇಮಿಯಾನನ ಉತ್ತರವನ್ನು ನಾನೂ ಹತ್ತೊಂಬತ್ತರಲ್ಲಿ ಎರಡು ಗೆರೆ ಎಳೆದು ಗುರುತು ಮಾಡಿದ್ದೆ. ಈಗ ಓದುವಾಗ ನನ್ನನ್ನು ನಿಲ್ಲಿಸಿದ್ದು ಮೊಟ್ಟೆಯ ಮೊದಲಿನ ಆ ಕಲ್ಲು. ತನ್ನನ್ನು ತಾನು ಹುಡುಕಿ ಹೊರಟವನ ಗುರುತು ಅವನ ಮನೆಯ ಬಾಗಿಲ ಮೇಲೆಯೇ ಇತ್ತು. ಅದನ್ನು ಮೊದಲು ನೋಡಿದವನು ಗೆಳೆಯ.

ನಾನು ಶಾಲೆಯ ದಿನಗಳಲ್ಲಿ ಗಣಿತದ ನೋಟ್‌ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಕದ್ದು ಪದ್ಯ ಬರೆಯುತ್ತಿದ್ದೆ. ಬಹಳ ಕೆಟ್ಟ ಪದ್ಯಗಳು. ಬ್ಯಾಂಕಿನವರ ಮಗ ಒಂದು ದಿನ ಲೆಕ್ಕ ನೋಡಿಕೊಳ್ಳಲು ಪುಸ್ತಕ ಒಯ್ದು, ಮರುದಿನ ಹಿಂದಿರುಗಿಸುವಾಗ ಹೇಳಿದ: ‘ಮುಂದಿನ ಹಾಳೆಗಳಲ್ಲಿ ನಿನ್ನ ಅಪ್ಪ ಇದ್ದಾರೆ. ನೀನು ಹಿಂದಿನ ಹಾಳೆಗಳಲ್ಲಿ ಇದ್ದೀ.’ ಪದ್ಯ ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟದಾಗಿದೆ ಎಂದೂ ಹೇಳಲಿಲ್ಲ. ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ನಮ್ಮ ಜಗಲಿಯಲ್ಲಿ ಕುಳಿತು ಅಪ್ಪನೊಂದಿಗೆ ಮಾತನಾಡಿದವನೂ ಅವನೇ. ‘ಮಾವ, ಇವನಿಗೆ ಲೆಕ್ಕ ಬರುತ್ತದೆ, ಬರುವುದಿಲ್ಲ ಎಂದಲ್ಲ. ಲೆಕ್ಕ ಮಾಡುವಾಗ ಇವನ ಮುಖ ಹೇಗಿರುತ್ತದೆ ಎಂದು ಒಮ್ಮೆ ನೋಡಿ.’ ಹದಿನಾರರ ಹುಡುಗನ ಮಾತಿಗೆ ಅಪ್ಪ ಉತ್ತರ ಕೊಡಲಿಲ್ಲ. ಎಲೆಗೆ ಸುಣ್ಣ ಸವರುತ್ತ ಸುಮ್ಮನೆ ಕುಳಿತರು. ಮರುವಾರ ನನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಕಲಾ ವಿಭಾಗಕ್ಕೆ ಸೇರಿಸಿದರು. ಜಗಲಿಯಲ್ಲಿ ಆ ಮಾತು ನಡೆಯುವಾಗ ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ. ನನ್ನ ಬದುಕಿನ ಮಾತನ್ನು ಬೇರೊಬ್ಬ ಆಡಿದ, ನಾನು ಅಡಗಿಕೊಂಡು ಕೇಳಿದೆ.

ಕಾದಂಬರಿಯಲ್ಲಿ ಡೇಮಿಯಾನ್ ಕ್ರೋಮರ್‌ನೊಂದಿಗೆ ಏನು ಮಾತನಾಡಿದ ಎಂಬುದನ್ನು ಹೆಸ್ಸೆ ಹೇಳುವುದಿಲ್ಲ. ಕ್ರೋಮರ್‌ನ ಕಾಟ ನಿಂತುಹೋಗುತ್ತದೆ, ಅಷ್ಟೆ. ಆಮೇಲಿನ ಪುಟವಿದೆಯಲ್ಲ, ಹತ್ತೊಂಬತ್ತರಲ್ಲಿ ಒಂದು ಗೆರೆಯನ್ನೂ ಎಳೆಯದೆ ದಾಟಿಹೋದ ಪುಟ, ಅದು ಈ ಸಲ ನನ್ನನ್ನು ಮೂರು ದಿನ ಕಾಡಿತು. ಬಿಡುಗಡೆಯಾದ ಹುಡುಗ ಏನು ಮಾಡುತ್ತಾನೆ? ಓಡಿಹೋಗಿ ತಾಯಿಯ ಮಡಿಲಿಗೆ ಬೀಳುತ್ತಾನೆ. ತಂದೆ ತಾಯಿಗೆ ಎಲ್ಲವನ್ನೂ ಹೇಳುತ್ತಾನೆ, ಕ್ಷಮೆ ಸಿಗುತ್ತದೆ, ಬೆಳಕಿನ ಲೋಕ ಅವನನ್ನು ಹಿಂದಕ್ಕೆ ಪಡೆಯುತ್ತದೆ. ಡೇಮಿಯಾನನಿಂದ ಮಾತ್ರ ದೂರ ಸರಿಯುತ್ತಾನೆ. ಕೃತಜ್ಞತೆ ಹೇಳಬೇಕಾದ ಒಬ್ಬನಿಗೇ ಹೇಳುವುದಿಲ್ಲ. ದೊಡ್ಡವನಾದ ಸಿಂಕ್ಲೇರ್ ಇದನ್ನು ಮುಚ್ಚಿಡದೆ ಬರೆಯುತ್ತಾನೆ, ಅದು ಅವನ ದೊಡ್ಡತನ. ಡೇಮಿಯಾನ್ ತನ್ನಿಂದ ತಂದೆ ತಾಯಿಗಿಂತ ಹೆಚ್ಚಿನದನ್ನು ಕೇಳುತ್ತಿದ್ದ ಎಂದು ಅವನು ಕಾರಣ ಕೊಡುತ್ತಾನೆ. ಕಾರಣ ಸುಳ್ಳಲ್ಲ. ಆದರೆ ಇನ್ನೊಂದು ಕಾರಣವೂ ಉಂಟು ಎಂದು ನನ್ನ ಅನುಭವ ಹೇಳುತ್ತದೆ. ನಾವು ಬಹಳ ಚಿಕ್ಕವರಾಗಿದ್ದ ಗಳಿಗೆಯಲ್ಲಿ ನಮ್ಮನ್ನು ಕಂಡವರನ್ನು ಮತ್ತೆ ಎದುರಿಸುವುದು ಕಷ್ಟ.

ನನ್ನ ಗೆಳೆಯನ ತಂದೆಗೆ ಬಳ್ಳಾರಿಗೆ ವರ್ಗವಾಯಿತು. ಅಲ್ಲಿಂದ ಮೂರು ಇನ್‌ಲ್ಯಾಂಡ್ ಪತ್ರಗಳು ಬಂದವು. ಮೊದಲನೆಯದಕ್ಕೆ ಉದ್ದವಾದ ಉತ್ತರ ಬರೆದೆ, ಎರಡನೆಯದಕ್ಕೆ ನಾಲ್ಕು ಸಾಲು. ಮೂರನೆಯದು ಬರುವ ಹೊತ್ತಿಗೆ ಕಾಲೇಜಿನಲ್ಲಿ ನನಗೆ ಬೇರೆ ಗೆಳೆಯರಿದ್ದರು, ಗೋಡೆ ಪತ್ರಿಕೆಯಲ್ಲಿ ನನ್ನ ಪದ್ಯಗಳಿದ್ದವು. ಅವರ ಕಣ್ಣಿಗೆ ನಾನು ಹುಟ್ಟಿನಿಂದಲೇ ಹೀಗಿದ್ದವನು. ಬಾಗಿಲ ಹಿಂದೆ ನಿಂತ ಹುಡುಗನನ್ನು ಬಲ್ಲವನೊಬ್ಬ ಬಳ್ಳಾರಿಯಲ್ಲಿದ್ದ. ಆ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ.

ಹೀಗಿದ್ದವನು ‘ಡೇಮಿಯಾನ್’ ಓದಿ ಪುಲಕಗೊಂಡದ್ದು ಯಾವ ಭಾಗಕ್ಕೆ ಎಂದರೆ, ಕಾಯಿನನ ಗುರುತಿನ ಭಾಗಕ್ಕೆ. ಬೈಬಲಿನಲ್ಲಿ ತಮ್ಮ ಹೇಬೆಲನನ್ನು ಕೊಂದ ಕಾಯಿನನ ಹಣೆಗೆ ದೇವರು ಇಟ್ಟ ಗುರುತನ್ನು ಡೇಮಿಯಾನ್ ತಿರುಗಿಸಿ ಓದುತ್ತಾನೆ. ಗುರುತು ಮೊದಲೇ ಇದ್ದಿರಬೇಕು, ಆ ಮುಖದಲ್ಲಿ ಜನರಿಗೆ ಅರ್ಥವಾಗದ ಏನೋ ಒಂದು ತೇಜಸ್ಸು ಇದ್ದಿರಬೇಕು, ಹೆದರಿದ ಜನ ಅದಕ್ಕೊಂದು ಕಥೆ ಕಟ್ಟಿದರು ಎನ್ನುತ್ತಾನೆ. ಸಿಂಕ್ಲೇರ್‌ನ ತಂದೆ ಇದು ಹಳೆಯ ಪಾಷಂಡ ಮತವೊಂದರ ಮಾತು ಎಂದು ಮಗನನ್ನು ಎಚ್ಚರಿಸುತ್ತಾರೆ. ನಾನಂತೂ ಆ ಪುಟ ಮುಚ್ಚಿ ಹಾಸ್ಟೆಲ್ಲಿನ ಕನ್ನಡಿಯ ಮುಂದೆ ನಿಂತು ನನ್ನ ಹಣೆ ನೋಡಿಕೊಂಡಿದ್ದೆ. ಗುರುತುಳ್ಳವರು ಕೆಲವರು, ಉಳಿದವರು ಮಂದೆ. ಹರೆಯಕ್ಕೆ ಇದಕ್ಕಿಂತ ರುಚಿಯಾದ ಮಾತು ಬೇರೆ ಯಾವುದಿದೆ? ಕಾದಂಬರಿಯ ಈ ಎಳೆಯನ್ನು ಇಂದು ನಾನು ಒಪ್ಪುವುದಿಲ್ಲ. ತನ್ನನ್ನು ತಾನು ಹುಡುಕುವ ಕಷ್ಟ ಕೆಲವರಿಗೆ ಮಾತ್ರ ಮೀಸಲು ಎಂದು ಹೆಸ್ಸೆ ಬರೆದಂತೆ ಕಾಣುವ ಕಡೆಗಳಲ್ಲಿ ಪುಸ್ತಕ ಸಣ್ಣದಾಗುತ್ತದೆ. ನಮ್ಮ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ, ಗಂಡ ಬಿಟ್ಟುಹೋದ ಮೇಲೆ ತನ್ನ ಹೆಸರನ್ನು ತಾನೇ ಬದಲಿಸಿಕೊಂಡಿದ್ದಳು. ಅವಳ ಹಣೆಯಲ್ಲಿ ಗುರುತು ಇರಲಿಲ್ಲ ಎಂದು ಯಾರು ಹೇಳಬಲ್ಲರು?

ಹೆಸ್ಸೆಯ ಬದುಕನ್ನು ಬಲ್ಲವರಿಗೆ ಈ ಕೃತಿ ಎಷ್ಟು ನೋವಿನಿಂದ ಬಂದದ್ದು ಎಂಬುದು ಗೊತ್ತು. 1914ರ ನವೆಂಬರಿನಲ್ಲಿ, ಮೊದಲ ಮಹಾಯುದ್ಧದ ಹುಚ್ಚು ಏರುತ್ತಿದ್ದಾಗ, ಬರಹಗಾರರು ದ್ವೇಷಕ್ಕೆ ದನಿಯಾಗಬಾರದೆಂದು ಆತ ಜೂರಿಚ್‌ನ ಪತ್ರಿಕೆಯಲ್ಲಿ ಬರೆದ. ಜರ್ಮನ್ ಪತ್ರಿಕೆಗಳು ಆತನನ್ನು ದೇಶದ್ರೋಹಿ ಎಂದವು. ಬರ್ನ್ ನಗರದಲ್ಲಿದ್ದುಕೊಂಡು ಜರ್ಮನ್ ಯುದ್ಧಕೈದಿಗಳಿಗೆ ಪುಸ್ತಕ ಕಳುಹಿಸುವ ಕೆಲಸ ಮಾಡಿದ. 1916ರಲ್ಲಿ ತಂದೆ ತೀರಿಕೊಂಡರು, ಕಿರಿಯ ಮಗನಿಗೆ ಕಾಯಿಲೆ, ಹೆಂಡತಿಯ ಮನಸ್ಸು ಕುಸಿಯುತ್ತಿತ್ತು. ಮನೋವಿಜ್ಞಾನಿ ಯೂಂಗ್‌ನ ಶಿಷ್ಯನಾದ ವೈದ್ಯ ಯೋಸೆಫ್ ಲಾಂಗ್ ಬಳಿ ಮನೋವಿಶ್ಲೇಷಣೆಗೆ ಹೋದ. ಕಾದಂಬರಿಯ ಪಿಸ್ಟೋರಿಯಸ್, ಸಂಜೆ ಖಾಲಿ ಚರ್ಚಿನಲ್ಲಿ ಆರ್ಗನ್ ನುಡಿಸುವವನು, ಸಿಂಕ್ಲೇರ್‌ಗೆ ಬೆಂಕಿಯನ್ನು ನೋಡುತ್ತ ಕೂರುವುದನ್ನೂ ಕನಸುಗಳಿಗೆ ಹೆದರದಿರುವುದನ್ನೂ ಕಲಿಸುವವನು, ಆ ಲಾಂಗ್‌ನ ನೆರಳೇ. 1917ರ ಶರತ್ಕಾಲದಲ್ಲಿ ಬರೆದ ಪುಸ್ತಕ 1919ರಲ್ಲಿ ಬರ್ಲಿನ್ನಿನಿಂದ ಹೊರಬಂತು, ಲೇಖಕ ಎಮಿಲ್ ಸಿಂಕ್ಲೇರ್ ಎಂಬ ಹೆಸರಿನಲ್ಲಿ. ಹಳಬನೊಬ್ಬನ ಪರಿಚಿತ ಹೆಸರು ಕಂಡು ಎಳೆಯರು ಹಿಂಜರಿಯಬಾರದು ಎಂಬುದು ಆತನ ಆಸೆ. ಯುದ್ಧದಿಂದ ಮರಳಿದ ಹುಡುಗರು ತಮ್ಮಲ್ಲೇ ಒಬ್ಬ ಇದನ್ನು ಬರೆದನೆಂದು ನಂಬಿದರು. ಹೊಸ ಲೇಖಕನ ಮೊದಲ ಕೃತಿ ಎಂದು ಫೊಂಟಾನೆ ಪ್ರಶಸ್ತಿಯೂ ಬಂತು. 1920ರಲ್ಲಿ ನಿಜ ಬಯಲಾದಾಗ ಹೆಸ್ಸೆ ಅದನ್ನು ಹಿಂದಿರುಗಿಸಿದ. ಆ ಹುಡುಗರ ಮನದಾಳ ಮುಟ್ಟಿದವನು ನಲವತ್ತೆರಡರ ಮನುಷ್ಯನಾಗಿದ್ದ ಎಂದು ಕಾದಂಬರಿಕಾರ ಥಾಮಸ್ ಮನ್ ಮುಂದೆ ಮುನ್ನುಡಿಯೊಂದರಲ್ಲಿ ಬೆರಗಿನಿಂದ ನೆನಪಿಸಿಕೊಂಡರು. ಈ ಸಲ ಆ ಸಂಖ್ಯೆ ನನ್ನನ್ನೂ ತಟ್ಟಿತು.

ಎಮಿಲ್ ಸಿಂಕ್ಲೇರ್ ಎಂಬ ಹೆಸರಿನಲ್ಲಿಯೂ ಒಂದು ಗೆಳೆತನ ಅಡಗಿದೆ. ಕವಿ ಹೋಲ್ಡರ್ಲಿನ್‌ನನ್ನು ಅವನ ಬುದ್ಧಿ ಕಲಕಿದ ದಿನಗಳಲ್ಲಿ ಕಾಪಾಡಲು ಹೆಣಗಿದ ಗೆಳೆಯನ ಹೆಸರು ಐಸಾಕ್ ಫಾನ್ ಸಿಂಕ್ಲೇರ್. ಅಲ್ಲಿ ಸಿಂಕ್ಲೇರ್ ಕೈಹಿಡಿದವನು, ಇಲ್ಲಿ ಕೈ ಹಿಡಿಸಿಕೊಂಡವನು.

ನನ್ನ ಗೆಳೆಯ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಹೆಸ್ಸೆಯ ಜೀವನವನ್ನು ಓದುವಾಗಲೇ. ಬಾಸೆಲ್ ಸ್ವಿಟ್ಜರ್ಲೆಂಡಿನ ಊರು. ಅಲ್ಲಿಯ ಮಿಶನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದೇ ಮಿಶನ್ನಿನ ಪಾದ್ರಿಯಾಗಿ ಹೆಸ್ಸೆಯ ತಂದೆ ಯೊಹಾನೆಸ್ ಹೆಸ್ಸೆ ಮಂಗಳೂರಿನಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು 1873ರಲ್ಲಿ ಊರಿಗೆ ಮರಳಿದರು. ಹೆಸ್ಸೆಯ ತಾಯಿ ಮರೀ ಗುಂಡರ್ಟ್ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಮಲಯಾಳಕ್ಕೆ ನಿಘಂಟು ಮತ್ತು ವ್ಯಾಕರಣ ಕೊಟ್ಟವರು. ಸಿಂಕ್ಲೇರ್‌ನ ಬೆಳಕಿನ ಲೋಕ, ಪ್ರಾರ್ಥನೆ ಮತ್ತು ಶುಭ್ರವಾದ ಕೈಗಳ ಲೋಕ, ಕಾಲ್ವ್ ಎಂಬ ಊರಿನ ಆ ಮಿಶನರಿ ಮನೆಯಿಂದಲೇ ಬಂದದ್ದು. ಹೆಸ್ಸೆ 1911ರಲ್ಲಿ ಹಡಗು ಹತ್ತಿ ಪೂರ್ವಕ್ಕೆ ಬಂದರೂ ಸಿಲೋನ್, ಸುಮಾತ್ರಾ ಕಂಡು ಹಿಂದಿರುಗಿದ. ತಂದೆ ನಡೆದಾಡಿದ ಮಂಗಳೂರನ್ನು ನೋಡಲಿಲ್ಲ.

ಈ ಅಜ್ಜ ಗುಂಡರ್ಟ್ ಅವರಿಗೂ ಒಬ್ಬ ಗೆಳೆಯರಿದ್ದರು, ಕನ್ನಡಿಗರೆಲ್ಲರೂ ಬಲ್ಲ ಹರ್ಮನ್ ಮೋಗ್ಲಿಂಗ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರು, ದಾಸರ ಪದಗಳನ್ನು ಅಚ್ಚು ಹಾಕಿಸಿದವರು. ಇಬ್ಬರೂ ಟ್ಯೂಬಿಂಗೆನ್‌ನಲ್ಲಿ ಓದಿದವರು, ಹರೆಯದ ತಳಮಳದಲ್ಲಿ ಒಬ್ಬರನ್ನೊಬ್ಬರು ಕಂಡವರು. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಮರುವರ್ಷವೇ ಗುಂಡರ್ಟ್ ತಮ್ಮ ಗೆಳೆಯನ ಜೀವನ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ಹೆಸ್ಸೆ ಹದಿನಾಲ್ಕರಲ್ಲಿ ಮೌಲ್‌ಬ್ರೋನಿನ ಧಾರ್ಮಿಕ ಶಾಲೆಯಿಂದ ಓಡಿಹೋಗಿ ಸಿಕ್ಕಿಬಿದ್ದ ಮೇಲೆ, ನಡುಗುತ್ತ ಈ ಅಜ್ಜನ ಕೋಣೆಗೆ ಹೋದನಂತೆ. ಅಜ್ಜ ಬೈಯಲಿಲ್ಲ. ನೀನೊಂದು ಪ್ರತಿಭೆಯ ಪುಟ್ಟ ಪ್ರವಾಸ ಮಾಡಿ ಬಂದೆಯಂತಲ್ಲ ಎಂದು ನಕ್ಕರು. ತಾವೂ ಹರೆಯದವರಾಗಿದ್ದ ದಿನಗಳನ್ನು ಮರೆಯದವರಿಗೆ ಮಾತ್ರ ಬರುವ ಮಾತು ಅದು.

ಸಿಂಕ್ಲೇರ್ ಪಿಸ್ಟೋರಿಯಸ್‌ನನ್ನು ತೊರೆಯುವ ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ಓದಿದೆ. ಗುರುವೂ ಗೆಳೆಯನೂ ಆದವನಿಗೆ ಅವನು ಒಂದು ಸಂಜೆ, ನೀನು ಹೇಳುವುದೆಲ್ಲ ಹಳೆಯ ವಸ್ತುಗಳನ್ನು ಕೂಡಿಡುವವನ ಮಾತು ಎಂದುಬಿಡುತ್ತಾನೆ. ಮಾತು ನಿಜ, ಆದ್ದರಿಂದಲೇ ಕ್ರೂರ. ಪಿಸ್ಟೋರಿಯಸ್ ಜಗಳವಾಡುವುದಿಲ್ಲ. ಬೆಂಕಿಯ ಮುಂದೆ ಕುಳಿತು, ನೀನು ಹೇಳಿದ್ದು ಸರಿ ಎಂದು ಮೆಲ್ಲಗೆ ಒಪ್ಪಿಕೊಳ್ಳುತ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಮನುಷ್ಯ ಅವನು. ದಾರಿ ತೋರಿಸಬಲ್ಲ, ತಾನು ಆ ದಾರಿಯಲ್ಲಿ ನಡೆಯಲಾರ. ಡೇಮಿಯಾನನ ತಾಯಿ ಎವಾಳ ಅಧ್ಯಾಯಗಳು ಬಹಳ ಎತ್ತರದಲ್ಲಿ ತೇಲುತ್ತವೆ, ಅಲ್ಲಿ ನಾನು ಬೇಗ ಪುಟ ಮಗುಚಿದೆ. ಯುದ್ಧವನ್ನು ಹೊಸ ಲೋಕದ ಹೆರಿಗೆ ನೋವಿನಂತೆ ಕಾಣುವ ಸಾಲುಗಳು, ಕೈದಿಗಳಿಗೆ ಪುಸ್ತಕ ಕಟ್ಟಿ ಕಳುಹಿಸುತ್ತಿದ್ದ ಅದೇ ಕೈ ಬರೆದದ್ದೇ ಎಂದು ಮನಸ್ಸು ನೋಯುತ್ತದೆ.

ಕೊನೆ ಎಲ್ಲರಿಗೂ ನೆನಪಿರುವಂಥದ್ದು. ಯುದ್ಧದಲ್ಲಿ ಗಾಯಗೊಂಡ ಸಿಂಕ್ಲೇರ್‌ನ ಪಕ್ಕದ ಹಾಸಿಗೆಯಲ್ಲಿ ಡೇಮಿಯಾನ್ ಮಲಗಿದ್ದಾನೆ. ಮುಂದೆ ನಾನು ಬೇಕೆನಿಸಿದರೆ ಕುದುರೆಯೇರಿ ಬರಲಾರೆ, ನಿನ್ನೊಳಗೇ ಕಿವಿಗೊಡು ಎನ್ನುತ್ತಾನೆ. ಬೆಳಗಾದಾಗ ಆ ಹಾಸಿಗೆಯಲ್ಲಿ ಅಪರಿಚಿತನೊಬ್ಬನಿದ್ದಾನೆ. ಸಿಂಕ್ಲೇರ್ ತನ್ನೊಳಗಿನ ಕಪ್ಪು ಕನ್ನಡಿಗೆ ಬಾಗಿ ನೋಡಿದರೆ ಅಲ್ಲಿರುವ ಮುಖ ಗೆಳೆಯನದೇ. ಡೇಮಿಯಾನ್ ಬೇರೆ ವ್ಯಕ್ತಿಯೇ ಅಲ್ಲ, ಸಿಂಕ್ಲೇರ್‌ನ ಅಂತರಾತ್ಮ ಎನ್ನುವ ಓದು ಬಹಳ ಹಿಂದಿನಿಂದ ಇದೆ. ಕಾದಂಬರಿ ಅದಕ್ಕೆ ಅವಕಾಶವನ್ನೂ ಕೊಡುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ. ಗೆಳೆಯ ನಮ್ಮ ಕನ್ನಡಿಯಾಗಿ ಕರಗಿಹೋದರೆ ನಮ್ಮ ಸಾಲವೂ ಕರಗಿಹೋಗುತ್ತದೆ. ಡೇಮಿಯಾನನಿಗೆ ಏನು ಬೇಕಿತ್ತು? ತಂದೆ ಸತ್ತು, ಹೊಸ ಊರಿಗೆ ಬಂದ, ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡ ಆ ಹುಡುಗನ ದುಃಖವನ್ನು ಸಿಂಕ್ಲೇರ್ ಒಮ್ಮೆಯಾದರೂ ಕೇಳಿದನೇ? ಹುಡುಕಿ ನೋಡಿದೆ, ಆ ಪ್ರಶ್ನೆ ನನಗೆ ಸಿಗಲಿಲ್ಲ. ಆದರೂ ತನ್ನ ಕಥೆಯನ್ನು ಬರೆದು ಮುಗಿಸಿದವನು ಅದಕ್ಕೆ ಇಟ್ಟ ಹೆಸರು ತನ್ನದಲ್ಲ, ಗೆಳೆಯನದು. ಬಾಲ್ಯದಲ್ಲಿ ಹೇಳದೆ ಉಳಿದ ಮಾತನ್ನು ಅವನು ರಕ್ಷಾಪುಟದ ಮೇಲೆ ಹೇಳಿದ ಎಂದು ಈಗ ನಂಬುತ್ತೇನೆ.

ಎರಡು ಮೂರು ವರ್ಷಕ್ಕೊಮ್ಮೆ ಊರು ಬಿಡುತ್ತಿದ್ದ ನನ್ನ ಗೆಳೆಯನಿಗೆ ಏನು ಬೇಕಿತ್ತು ಎಂದು ನಾನೂ ಕೇಳಿರಲಿಲ್ಲ. ಆ ಮೂರನೆಯ ಪತ್ರವನ್ನು ಅಮ್ಮ ತಗಡಿನ ಡಬ್ಬಿಯಲ್ಲಿ ಹಾಗೆಯೇ ಇಟ್ಟಿದ್ದರು. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಒಡೆದ ಹಂಚು ಬದಲಿಸುವ ಕೆಲಸಕ್ಕೆ ಊರಿಗೆ ಹೋದಾಗ ಸಿಕ್ಕಿತು. ಅದರಲ್ಲಿ ಅವನು ಬರೆದಿದ್ದ: ಇಲ್ಲಿ ಯಾರ ಮನೆಗೂ ಅಟ್ಟವಿಲ್ಲ, ಬಿಸಿಲಿಗೆ ತಲೆ ನೋಯುತ್ತದೆ, ಶಾಲೆಯಲ್ಲಿ ಯಾರೂ ಮಾತನಾಡಿಸುವುದಿಲ್ಲ, ರಜೆಯಲ್ಲಿ ನಿಮ್ಮ ಮನೆಗೆ ಬರಲೇ? ಅಟ್ಟದ ಗೋಣಿಯ ಮೇಲೆ ಕುಳಿತು ಆ ಸಾಲನ್ನು ಎಷ್ಟು ಸಲ ಓದಿದೆನೋ.

ಅವನ ನಂಬರು ಸಿಗುವುದು ಕಷ್ಟವಾಗಲಿಲ್ಲ. ಇಷ್ಟು ಸುಲಭವೆಂದು ತಿಳಿದಾಗ ಇನ್ನೂ ನಾಚಿಕೆಯಾಯಿತು. ಇಳಿಸಿಟ್ಟಿದ್ದ ಹಂಚೊಂದರ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಕ್ಷರಗಳು ಕಾಣುವಂತೆ ಬಿಸಿಲಿಗೆ ಹಿಡಿದು, ಚಿತ್ರ ತೆಗೆದು ಕಳುಹಿಸಿದೆ. ‘ಬಾಸೆಲ್ ಸ್ವಿಟ್ಜರ್ಲೆಂಡಿನಲ್ಲಿದೆ. ಪತ್ರಕ್ಕೆ ಉತ್ತರ ಬರೆಯದೆ ತಪ್ಪು ಮಾಡಿದೆ. ರಜೆಯಲ್ಲಿ ಬಾ’ ಎಂದು ಕೆಳಗೆ ಬರೆದೆ. ರಾತ್ರಿಯವರೆಗೆ ಉತ್ತರವಿಲ್ಲ. ಮಲಗುವ ಹೊತ್ತಿಗೆ ಬಂತು.

‘ಅಟ್ಟಕ್ಕೆ ಅದೇ ಏಣಿಯೇ ಇದೆಯೇ? ಮೂರನೆಯ ಮೆಟ್ಟಿಲು ಎಡಕ್ಕೆ ಅಲುಗಾಡುತ್ತಿತ್ತು. ಹುಷಾರು.’

ಎದ್ದು, ದೀಪ ಹಾಕಿ, ಹೋಗಿ ಕಾಲಿಟ್ಟು ನೋಡಿದೆ. ಅಲುಗಾಡುತ್ತದೆ.